ಸರದಿಯ ನೀರು

ಮಸ್ಕತ್‌ನ ಬೇಸಿಗೆಯಲ್ಲಿ ತಣ್ಣೀರು ಬೇಕಾದರೆ ಗೀಸರ್‌ನ ನಲ್ಲಿ ತಿರುಗಿಸಬೇಕು. ಇದನ್ನು ನನಗೆ ಹೇಳಿಕೊಟ್ಟವರು ರೂವಿಯ ನಮ್ಮ ಬಿಲ್ಡಿಂಗ್‌ನಲ್ಲಿ ಎದುರು ಫ್ಲಾಟಿನಲ್ಲಿದ್ದ ಭಟ್ಕಳದ ಅಕ್ಕ. ಮೇ ತಿಂಗಳು ಹುಟ್ಟುತ್ತಲೇ ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದು, ತಣ್ಣೀರ ನಲ್ಲಿಯಲ್ಲಿ ಕೈ ಇಡಲಾಗದಷ್ಟು ಬಿಸಿಯಾಗಿ ಸುರಿಯುತ್ತದೆ. ಗೀಸರ್ ಇರುವುದು ಮನೆಯೊಳಗೆ, ಎಸಿಯ ತಂಪಿನಲ್ಲಿ. ಸ್ವಿಚ್ ಹಾಕದೆ ಬಿಟ್ಟರೆ ಅದರೊಳಗಿನ ನೀರು ರಾತ್ರಿಯಿಡೀ ನಿಂತು ತಣಿಯುತ್ತದೆ. ಹಾಗಾಗಿ ಬೇಸಿಗೆ ಮುಗಿಯುವ ತನಕ ಕೆಂಪು ಗುರುತಿನ ನಲ್ಲಿ ತಣ್ಣೀರಿಗೆ, ನೀಲಿ ಗುರುತಿನದು ಬಿಸಿನೀರಿಗೆ. “ಮಗುವಿಗೆ ಮೀಯಿಸುವಾಗ ಮರೆಯಬೇಡ ಮಾರಾಯ್ತಿ, ಮೈ ಸುಟ್ಟೀತು” ಎಂದು ಅವರು ನನ್ನ ಬಚ್ಚಲಿಗೇ ಬಂದು ಎರಡೂ ನಲ್ಲಿ ತಿರುಗಿಸಿ ತೋರಿಸಿದ್ದರು.

ಅದು 1999. ಮದುವೆಯಾಗಿ, ಮಗಳು ಹುಟ್ಟಿ, ಅವಳು ಮಗುಚಿಕೊಳ್ಳುವ ಹೊತ್ತಿಗೆ ನನ್ನ ವೀಸಾ ಬಂತು. ಇವರು, ನನ್ನ ಯಜಮಾನರು, ಅಲ್ಲಿ ಒಂದು ಕಟ್ಟಡ ಸಾಮಗ್ರಿಯ ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದರು. ಮಂಗಳೂರಿನ ಬಜಪೆಯಿಂದ ಗಲ್ಫಿಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ಬಸ್ಸೋ ರೈಲೋ ಹಿಡಿದು ಮುಂಬೈಗೆ ಹೋಗಿ, ಅಲ್ಲಿ ಯಾರದಾದರೂ ಮನೆಯಲ್ಲಿ ಒಂದು ರಾತ್ರಿ ಕಳೆದು ಹಾರಬೇಕಿತ್ತು.

ನಾನು ಬೆಳೆದದ್ದು ಅಡ್ಯನಡ್ಕದ ಹತ್ತಿರ, ಕಾಸರಗೋಡಿನ ಗಡಿಗೆ ತಾಗಿದ ಒಂದು ಹಳ್ಳಿಯಲ್ಲಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ನಷ್ಟು ಮಳೆ ಹೊಯ್ಯುವ ಜಾಗ. ಮಸ್ಕತ್‌ಗೆ ಇಡೀ ವರ್ಷದಲ್ಲಿ ಬೀಳುವುದು ನೂರು ಮಿಲಿಮೀಟರ್ ಆಸುಪಾಸು. ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳ ಒಂದು ದಿನಕ್ಕೆ ಅಷ್ಟು ಮಳೆ ಬಂದರೆ ಯಾರೂ ಮಾತಾಡುವುದಿಲ್ಲ. ಒಮಾನಿನಲ್ಲಿ ವರ್ಷವಿಡೀ ಹರಿಯುವ ದೊಡ್ಡ ಹೊಳೆಯೆಂಬುದಿಲ್ಲ. ಮಸ್ಕತ್‌ನ ಮನೆಗಳಿಗೆ ಬರುವ ನೀರು ಸಮುದ್ರದ್ದು. 1976ರಿಂದ ಘುಬ್ರಾದ ಸ್ಥಾವರದಲ್ಲಿ ಉಪ್ಪು ತೆಗೆದು ಕಳಿಸುತ್ತಿದ್ದರು. ಕೊಳವೆ ಮುಟ್ಟದ ಕಡೆಗಳಿಗೆ ಟ್ಯಾಂಕರ್. ನೀಲಿ ಬಣ್ಣದ್ದು ಕುಡಿಯುವ ನೀರಿನದು, ಹಳದಿಯದು ಕೊಳಚೆ ಗುಂಡಿಯದು, ಹಸಿರಿನದು ಕೊಳಚೆಯನ್ನು ಶುದ್ಧಮಾಡಿ ಗಿಡಗಳಿಗೆ ಒಯ್ಯುವಂಥದ್ದು. ಹೆದ್ದಾರಿಯ ನಡುವೆ ಚಳಿಗಾಲದಲ್ಲಿ ಬಣ್ಣಬಣ್ಣದ ಪೆಟೂನಿಯಾ ಅರಳಿ ನಿಂತಿರುತ್ತಿದ್ದವಲ್ಲ, ಅವು ಬದುಕುತ್ತಿದ್ದದ್ದು ಆ ನೀರಿನಲ್ಲಿ. ಊರಿಗೆ ಫೋನ್ ಮಾಡಿದಾಗ ಅಪ್ಪ ಕೇಳುತ್ತಿದ್ದ ಮೊದಲ ಪ್ರಶ್ನೆ, “ಅಲ್ಲಿ ನೀರು ಎಲ್ಲಿಂದ?” ಅಡಿಕೆ ತೋಟದವರಿಗೆ ಊರಿನ ಪರಿಚಯ ಶುರುವಾಗುವುದೇ ಅಲ್ಲಿಂದ.

ಆ ಬಿಲ್ಡಿಂಗ್‌ನಲ್ಲಿ ನಾವು ಬಹುಪಾಲು ಹಿಂದೂಸ್ಥಾನದವರೇ. ಭಟ್ಕಳದ ಅಕ್ಕನ ಪಕ್ಕದಲ್ಲಿ ಸರಕಾರಿ ಆಸ್ಪತ್ರೆಯ ನರ್ಸ್ ಒಬ್ಬರು, ಕಾರ್ಕಳದವರು. ಅವರನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಕೆಳಗೆ ಮಲಯಾಳಿ ಕಾಕಾನ ಗ್ರೋಸರಿ. ನೆಲ ಅಂತಸ್ತಿನ ಎರಡು ಕೋಣೆಗಳಲ್ಲಿ ಒಂದು ಕಂಪನಿಯ ಕೆಲಸಗಾರರು, ಅವರಲ್ಲಿ ಇಬ್ಬರು ಕುಂದಾಪುರ ಕಡೆಯವರು. ಸಂಬಳ ಒಂದು ಮಟ್ಟಕ್ಕೆ ಬಂದವರಿಗೆ ಮಾತ್ರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಅವಕಾಶ. ಆದ್ದರಿಂದ ಒಂದೇ ಮೆಟ್ಟಿಲಿನ ಮೇಲಿನವರಿಗೆ ಸಂಸಾರ, ಕೆಳಗಿನವರಿಗೆ ಗೋಡೆಗೆ ಅಂಟಿಸಿದ ಫೋಟೋ.

ಆಗ ವೀಸಾ ಎಲ್ಲರಿಗೂ ಎರಡು ವರ್ಷದ್ದು. ಮುಗಿಯುವಾಗ ಕಂಪನಿ ಬೇಕೆಂದರೆ ಮತ್ತೆ ಎರಡು ವರ್ಷ, ಬೇಡವೆಂದರೆ ಕ್ಯಾನ್ಸಲ್. ಅಲ್ಲಿ ಎಷ್ಟು ಕಾಲ ದುಡಿದರೂ ಆ ನೆಲದವರಾಗುವ ದಾರಿ ನಮ್ಮಂಥವರಿಗೆ ಇರಲಿಲ್ಲ. ಇದರಿಂದ ಎಲ್ಲರ ಬಾಯಲ್ಲೂ ಒಂದೇ ಮಾತು ಕೂತುಬಿಟ್ಟಿತ್ತು: ಇನ್ನೆರಡು ವರ್ಷ. ಒಳ್ಳೆ ಮಂಚ ಯಾಕೆ, ಇನ್ನೆರಡು ವರ್ಷ. ಗೋಡೆಗೆ ಮೊಳೆ ಯಾಕೆ, ಇನ್ನೆರಡು ವರ್ಷ. ಮದುವೆಯಲ್ಲಿ ಬಂದ ಚೆಂದದ ಸ್ಟೀಲಿನ ಪಾತ್ರೆಗಳು ಕಾರ್ಟನ್ನಿನಲ್ಲೇ ಮಂಚದಡಿ ಮಲಗಿರುತ್ತಿದ್ದವು, ಊರಲ್ಲಿ ಕಟ್ಟಲಿರುವ ಮನೆಗೆಂದು. ಊರಲ್ಲಿ ಮನೆ ಎದ್ದು ನಿಂತ ಮೇಲೂ ಅದಕ್ಕೆ ಬೀಗ, ಇಲ್ಲಿ ಪ್ಲಾಸ್ಟಿಕ್ ತಟ್ಟೆ. ಭಟ್ಕಳದ ಅಕ್ಕನ ಮನೆಯೇ ಹಾಗಿತ್ತು. ಊರಿನ ಮನೆಯ ಅಮೃತಶಿಲೆಯ ಹಾಸಿನ ಮೇಲೆ ಅವರು ವರ್ಷಕ್ಕೊಂದು ತಿಂಗಳು ನಡೆಯುತ್ತಿದ್ದರು. ಕಾರಣ ನನಗೆ ಅರ್ಥವಾಗುತ್ತಿತ್ತು. ಕೆಲಸ ಹೋದರೆ ವಾರಗಳಲ್ಲಿ ಸಾಮಾನು ಕಟ್ಟಬೇಕಾದವರು ಬೇರು ಬಿಡಲು ಹೆದರುವುದು ಸಹಜ. ಆದರೂ ಮಗಳು ನಡೆಯಲು ಕಲಿತದ್ದು, ಮಾತಾಡಲು ಕಲಿತದ್ದು ಅದೇ ಖಾಲಿ ಗೋಡೆಗಳ ನಡುವೆ. ಅವಳ ಬಾಲ್ಯವನ್ನು ಯಾವ ಕಾರ್ಟನ್ನಿನಲ್ಲಿ ಕಟ್ಟಿಡುವುದು ಎಂದು ನನಗೆ ಸಂಕಟವಾಗುತ್ತಿತ್ತು.

ಆಗ ಗುರುವಾರ ಶುಕ್ರವಾರ ವಾರದ ರಜೆ. 2013ರಲ್ಲಿ ಅದು ಶುಕ್ರವಾರ ಶನಿವಾರಕ್ಕೆ ಬದಲಾಯಿತು. ಶುಕ್ರವಾರ ಬೆಳಿಗ್ಗೆ ಹಳೆ ಮಸ್ಕತ್‌ನ ಶಿವ ದೇವಸ್ಥಾನಕ್ಕೆ ಹೋಗುವುದು ರೂಢಿಯಾಯಿತು. ಸುಲ್ತಾನರ ಅಲ್ ಆಲಂ ಅರಮನೆಯ ಹತ್ತಿರವೇ ಇರುವ ಗುಡಿ ಅದು, ಕಛ್‌ನಿಂದ ಬಂದ ಭಾಟಿಯಾ ವರ್ತಕರು ಒಂದು ಶತಮಾನದ ಹಿಂದೆ ಕಟ್ಟಿಸಿದ್ದು. ಶಿವರಾತ್ರಿಗೆ ಸಾವಿರಾರು ಜನ ಸಾಲುಗಟ್ಟುತ್ತಿದ್ದರು. ಅಲ್ಲೊಂದು ಬಾವಿಯಿದೆ. ಸಮುದ್ರಕ್ಕೆ ಅಷ್ಟು ಹತ್ತಿರ, ಸುತ್ತ ಬೋಳು ಬಂಡೆಗುಡ್ಡ, ಆದರೂ ವರ್ಷವಿಡೀ ನೀರು. ನಾನು ದೇವರಿಗೆ ಕೈ ಮುಗಿದ ಮೇಲೆ ಬಾವಿಯನ್ನೂ ಒಂದು ಸಲ ಇಣುಕಿ ನೋಡಿ ಬರುತ್ತಿದ್ದೆ.

ನನ್ನ ಅಲ್ಲಿನ ಬದುಕು ತಿರುಗಿದ್ದು ಮಾತ್ರ ಮಸ್ಕತ್‌ನಲ್ಲಲ್ಲ, ನಿಜ್ವಾ ದಾರಿಯ ಬಿರ್ಕತ್ ಅಲ್ ಮೌಜ್ ಎಂಬ ಊರಲ್ಲಿ. ಜಬಲ್ ಅಖ್ದರ್ ಬೆಟ್ಟದ ಬುಡದ ಊರು. ಇವರ ಆಫೀಸಿನ ಒಮಾನಿ ಸಹೋದ್ಯೋಗಿಯೊಬ್ಬರು ಈದ್ ರಜೆಗೆ ನಮ್ಮನ್ನು ತಮ್ಮ ತಂದೆಯ ಮನೆಗೆ ಕರೆದರು. ಮಗಳಿಗೆ ಆಗ ಐದು ವರ್ಷ. ಹೋದವರನ್ನು ಮಜ್ಲಿಸ್ ಎಂಬ ಅತಿಥಿಕೋಣೆಯ ಕಂಬಳಿಯ ಮೇಲೆ ಕೂರಿಸಿ ಮೊದಲು ಖರ್ಜೂರ, ಆಮೇಲೆ ಏಲಕ್ಕಿ ಹಾಕಿದ ಕಾಫಿ ಕೊಟ್ಟರು. ಹಿಡಿಯಿಲ್ಲದ ಪುಟ್ಟ ಬಟ್ಟಲು. ಖಾಲಿ ಬಟ್ಟಲು ಮುಂದೆ ಹಿಡಿದರೆ ಮತ್ತೆ ತುಂಬುತ್ತಾರೆ. ಸಾಕೆಂದರೆ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಡಬೇಕು. ಅವರ ತಂದೆ, ಎಪ್ಪತ್ತು ದಾಟಿದ ಮುದುಕರು, ನಮ್ಮೊಡನೆ ಸಲೀಸಾಗಿ ಹಿಂದಿಯಲ್ಲಿ ಮಾತಾಡತೊಡಗಿದಾಗ ನಾವು ಬೆರಗಾದೆವು. ನಾನು ಅವರನ್ನು ಚಾಚಾ ಎಂದೆ. ಅವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಏಳಿ, ನನ್ನ ನೀರು ಬರುವ ಹೊತ್ತಾಯಿತು” ಎಂದು ತೋಟಕ್ಕೆ ಕರೆದೊಯ್ದರು.

ಖರ್ಜೂರದ ಮರಗಳ ಕೆಳಗೆ ಬಾಳೆ, ಬಾಳೆಯ ಸಂದಿಯಲ್ಲಿ ನಿಂಬೆ, ನೆಲದಲ್ಲಿ ದನಕ್ಕೆ ಹುಲ್ಲು. ನಮ್ಮ ಅಡಿಕೆ ತೋಟದಲ್ಲಿ ನಡೆದ ಹಾಗೇ ಅನಿಸಿತು. ಅದೇ ಕಪ್ಪು ನೆರಳು, ಅದೇ ಒದ್ದೆ ಮಣ್ಣಿನ ವಾಸನೆ. ತೋಟದ ಅಂಚಿನಲ್ಲಿ ಕಲ್ಲು ಗಾರೆಯ ಕಾಲುವೆ, ಅದರಲ್ಲಿ ಮೊಣಕಾಲು ಮುಟ್ಟದಷ್ಟು ನೀರು, ಕನ್ನಡಿಯಷ್ಟು ತಿಳಿ. ಇದೇ ಫಲಜ್. ಬೆಟ್ಟದ ಬುಡದಲ್ಲಿ ಆಳಕ್ಕೆ ತೋಡಿದ ತಾಯಿಬಾವಿಯಿಂದ ಶುರುವಾಗಿ, ನೆಲದಡಿಯ ಸುರಂಗದಲ್ಲಿ ಸಣ್ಣ ಇಳಿಜಾರಿನಲ್ಲಿ ಹರಿದು, ಊರ ಹತ್ತಿರ ಬೆಳಕಿಗೆ ಬರುತ್ತದೆ. ಪಂಪಿಲ್ಲ, ರಾಟೆಯಿಲ್ಲ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಮೇಲಿಂದ ಬಾವಿಯಂತೆ ಕಂಡಿ ಕೊರೆದಿರುತ್ತಾರೆ, ಒಳಗೆ ದುಡಿಯುವವರಿಗೆ ಗಾಳಿ ಸಿಗಲಿ, ಮಣ್ಣು ಮೇಲೆತ್ತಲಿಕ್ಕಾಗಲಿ ಎಂದು. ಒಮಾನಿನಲ್ಲಿ ಇಂಥವು ಸುಮಾರು 3000 ಇನ್ನೂ ಹರಿಯುತ್ತಿವೆ. ಈ ಊರಿನದು ಫಲಜ್ ಅಲ್ ಖತ್ಮೈನ್. 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಐದು ಫಲಜ್‌ಗಳಲ್ಲಿ ಅದೂ ಒಂದು. ಊರಿಗೆ ಬಂದ ನೀರು ಮೊದಲು ಕುಡಿಯಲಿಕ್ಕೆ, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಕೊನೆಗೆ ತೋಟಕ್ಕೆ.

ತೋಟಕ್ಕೆ ಬಂದಾಗ ಅದನ್ನು ಅಳೆಯುವುದು ಕೊಡದಲ್ಲಲ್ಲ, ಹೊತ್ತಿನಲ್ಲಿ. ಒಂದು ಅಥರ್ ಎಂದರೆ ಅರ್ಧ ಗಂಟೆ. ಯಾರಿಗೆ ಎಷ್ಟು ಅಥರ್ ಎಂಬುದು ತಲೆತಲಾಂತರದಿಂದ ಬಂದ ಹಕ್ಕು. ಹಗಲಲ್ಲಿ ನೆಟ್ಟ ಕಂಬದ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಲೆಕ್ಕ ಹಿಡಿಯುತ್ತಿದ್ದರಂತೆ; ನಾವು ಹೋದಾಗ ಚಾಚಾ ಕೈಗಡಿಯಾರ ನೋಡುತ್ತಿದ್ದರು. ಅವರ ಪಾಲು ಮೂರು ಅಥರ್. ಹೊತ್ತು ಬಂದೊಡನೆ, ತೋಟದ ಕೆಲಸಕ್ಕಿದ್ದ ಬಾಂಗ್ಲಾದೇಶದ ಹುಡುಗ ಕಾಲುವೆಯ ಪಕ್ಕದ ತೂತಿಗೆ ಒತ್ತಿದ್ದ, ಹಳೇ ಬಟ್ಟೆ ಸುತ್ತಿದ ಕಲ್ಲನ್ನು ಕಿತ್ತ. ಅದೇ ಕಲ್ಲನ್ನು ಕಾಲುವೆಯ ಮುಂದಿನ ಬಾಯಿಗೆ ಒತ್ತಿ ಕಾಲಿನಿಂದ ಮೆಟ್ಟಿದ. ನೀರು ತಡೆದು, ಸುತ್ತಿ, ತೋಟದ ಕಡೆಗೆ ನುಗ್ಗಿತು. ಒಣಗಿದ ಎಲೆಗಳನ್ನು ಎತ್ತಿಕೊಂಡು ಒಂದೊಂದೇ ಮರದ ಬುಡದ ಕಟ್ಟೆಯನ್ನು ತುಂಬುತ್ತ ಹೋಯಿತು. ಮಗಳು ನೀರಿನ ಮುಂಭಾಗವನ್ನು ಹಿಂಬಾಲಿಸಿ ಓಡಿದಳು. ನಾನು ಆ ಹುಡುಗನನ್ನು ಊರಿಗೆ ಹೋಗಿ ಎಷ್ಟು ಕಾಲವಾಯಿತೆಂದು ಕೇಳಿದೆ. ಮೂರು ವರ್ಷ ಎಂದ. ಆ ನೀರಿನ ದಾಖಲೆಯಲ್ಲಿ ಅವನ ಹೆಸರಿಲ್ಲ, ಆದರೆ ಅದರ ಪ್ರತಿ ನಿಮಿಷ ಗೊತ್ತಿದ್ದದ್ದು ಅವನಿಗೆ. ಈ ನೋವು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ನಾನು ಚಾಚಾನಿಗೆ ನಮ್ಮ ಸುರಂಗದ ಕತೆ ಹೇಳಿದೆ. ನಮ್ಮ ಕಡೆ ಗುಡ್ಡದ ಬದಿಗೆ ಅಡ್ಡಕ್ಕೆ ತೋಡಿಕೊಂಡು ಹೋಗುತ್ತಾರೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಜಾಗ, ಮುರಕಲ್ಲು ದಾಟಿ, ಜೇಡಿ ದಾಟಿ, ನೀರಿನ ಒಸರು ಸಿಗುವ ತನಕ. ಒಬ್ಬ ಪಿಕ್ಕಾಸಿನಲ್ಲಿ ಅಗೆದರೆ ಇನ್ನೊಬ್ಬ ಮಣ್ಣು ಹೊರುತ್ತಾನೆ. ಸಿಕ್ಕಿದ ನೀರು ತನ್ನಷ್ಟಕ್ಕೇ ಹೊರಗೆ ಬಂದು, ಅಡಿಕೆ ದಂಬೆಯಲ್ಲಿ ಮನೆಯಂಗಳಕ್ಕೆ ಇಳಿಯುತ್ತದೆ. ಆ ಕಸುಬನ್ನು ಅರಬ್ ವ್ಯಾಪಾರಿಗಳಿಂದ ಕಲಿತದ್ದೆಂದು ಹೇಳುವವರೂ ನಮ್ಮಲ್ಲಿದ್ದಾರೆ. ಚಾಚಾ ನಡುನಡುವೆ ಪ್ರಶ್ನೆ ಕೇಳಿದರು, ಕಸುಬು ಬಲ್ಲವರ ಪ್ರಶ್ನೆಗಳು. ಎಷ್ಟು ಉದ್ದ? ಕೋಲಿನ ಲೆಕ್ಕದಲ್ಲಿ ನಮ್ಮದು ನಲವತ್ತು, ಎಂದರೆ ನೂರಡಿ. ಗಾಳಿ ಹೇಗೆ? ಮೇಣದ ಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ, ಅದು ನಂದಿದರೆ ಹೊರಗೆ ಬರುತ್ತಾರೆ. ನೀರನ್ನು ಎಷ್ಟು ಮನೆ ಹಂಚಿಕೊಳ್ಳುತ್ತೀರಿ?

“ಹಂಚುವುದಿಲ್ಲ ಚಾಚಾ, ಮನೆಗೊಂದು ಸುರಂಗ” ಎಂದೆ.

“ಮನೆಗೊಂದೇ!” ಎಂದು ಅವರು ತಿರುಗಿ ಮಗನಿಗೆ ಅರಬ್ಬಿಯಲ್ಲಿ ಅದನ್ನೇ ಹೇಳಿದರು. ಅವರ ಮುಖದಲ್ಲಿದ್ದದ್ದು ಹೊಟ್ಟೆಕಿಚ್ಚಲ್ಲ, ಮರುಕ. ನೆರೆಯವರೊಡನೆ ನೀರಿನ ಮಾತೇ ಇಲ್ಲದ ಊರು ಹೇಗಿರುತ್ತದೆ ಎಂಬಂತೆ ನನ್ನನ್ನು ನೋಡಿದರು.

ಹಿಂದಿ ಕಲಿತದ್ದು ಎಲ್ಲಿ ಎಂದು ಇವರು ಕೇಳಿದಾಗ ಆ ಕತೆ ಹೊರಬಿತ್ತು. 1970ಕ್ಕೆ ಮುಂಚಿನ ಒಮಾನಿನಲ್ಲಿ ಕೆಲಸವಿರಲಿಲ್ಲ, ಶಾಲೆ ಆಸ್ಪತ್ರೆಗಳು ಬೆರಳೆಣಿಕೆ. ಜನ ಬಹರೈನ್, ಕುವೈತ್‌ಗೆ ಕೂಲಿಗೆ ಹೋಗುತ್ತಿದ್ದರು. ಚಾಚಾ ಹದಿನೆಂಟರಲ್ಲಿ ಬಹರೈನ್ ಸೇರಿ, ಹಿಂದೂಸ್ಥಾನಿ ಕೆಲಸಗಾರರ ಜೊತೆ ಒಂದೇ ಕೋಣೆಯಲ್ಲಿದ್ದರು. ಒಮಾನಿನಲ್ಲಿ ಆಗ ಕೈಯಿಂದ ಕೈಗೆ ಓಡಾಡುತ್ತಿದ್ದದ್ದೂ ನಮ್ಮ ರಿಸರ್ವ್ ಬ್ಯಾಂಕ್ 1959ರಿಂದ ಗಲ್ಫಿಗೆಂದೇ ಹೊರಡಿಸುತ್ತಿದ್ದ ರೂಪಾಯಿ. 1970ರಲ್ಲಿ ಸುಲ್ತಾನ್ ಖಾಬೂಸ್ ಪಟ್ಟಕ್ಕೆ ಬಂದು, ಹೊರಗಿದ್ದವರೆಲ್ಲ ಮರಳಿ ಬನ್ನಿ ಎಂದು ಕರೆದಾಗ ಚಾಚಾ ಬಂದರು. ಅವರು ಹೇಳಿದ್ದನ್ನು ನಾನು ಅಂದು ರಾತ್ರಿಯೇ ಡೈರಿಯಲ್ಲಿ ಬರೆದಿಟ್ಟೆ. “ಅಲ್ಲಿದ್ದಷ್ಟು ವರ್ಷ ನಾನು ನನ್ನ ಪೆಟ್ಟಿಗೆಯ ಮೇಲೆ ಕೂತಿದ್ದೆ ಮಗಳೇ. ನಾಳೆ ಹೋಗುವವನು, ನಾಳೆ ಹೋಗುವವನು ಅಂತ. ಯಾರ ಮನೆ ಮದುವೆಗೂ ಹೋಗಲಿಲ್ಲ, ಒಂದು ಗಿಡ ನೆಡಲಿಲ್ಲ. ಮೂರು ಅಥರ್ ನೀರು ಬಂದಾಗ ಕಲ್ಲು ಕೀಳದೆ ಕೂತ ಹಾಗೆ. ಹೊತ್ತು ಮುಗಿದ ಮೇಲೆ ನೀರು ಪಕ್ಕದವನದು, ಕೇಳಿದರೆ ಸಿಗುತ್ತದೆಯೇ?”

ಮಸ್ಕತ್‌ಗೆ ಮರಳಿದ ಮರುವಾರವೇ ಮಂಚದಡಿಯ ಕಾರ್ಟನ್ ಬಿಚ್ಚಿದೆ. ಗೋಡೆಗೆ ಮೊಳೆ ಹೊಡೆಸಿದೆ. ಅಪ್ಪನಿಂದ ಬಸಳೆಯ ಬೀಜ ತರಿಸಿ ಬಾಲ್ಕನಿಯ ಡಬ್ಬದಲ್ಲಿ ಹಾಕಿದೆ. ಎಸಿಯಿಂದ ತೊಟ್ಟಿಕ್ಕುವ ನೀರು ಬೇಸಿಗೆಯಲ್ಲಿ ದಿನಕ್ಕೆ ಒಂದು ಬಕೆಟ್ಟಿಗೂ ಹೆಚ್ಚು ಸಿಗುತ್ತಿತ್ತು, ಅದನ್ನೇ ಎರೆದೆ. ಆ ಬಿಸಿಲಿನಲ್ಲೂ ಹಳೇ ಸೀರೆಯ ನೆರಳು ಕಟ್ಟಿದ ಮೇಲೆ ಬಳ್ಳಿ ಹಬ್ಬಿ, ಭಟ್ಕಳದ ಅಕ್ಕನ ಬಾಲ್ಕನಿಗೂ ದಾಟಿತು. ಶುಕ್ರವಾರ ಸಂಜೆ ಬಿಲ್ಡಿಂಗ್‌ನ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸತೊಡಗಿದೆ. ನಾನೂ ಅರಬ್ಬಿ ಅಕ್ಷರ ಕಲಿತು ಅಂಗಡಿ ಬೋರ್ಡುಗಳನ್ನು ಓದುವ ಮಟ್ಟಕ್ಕೆ ಬಂದೆ. ರಜೆ ಸಿಕ್ಕಾಗಲೆಲ್ಲ ದೇಶ ನೋಡಿದೆವು. ಬಿದಿಯಾದಲ್ಲಿ ಜುಲೈ ತಿಂಗಳಲ್ಲಿ ಮಬ್ಸಲಿ ಎಂಬ ಜಾತಿಯ ಖರ್ಜೂರವನ್ನು ದೊಡ್ಡ ತಾಮ್ರದ ಕಡಾಯಿಗಳಲ್ಲಿ ಬೇಯಿಸಿ, ಮರಳುಭೂಮಿಯ ಬಿಸಿಲಿಗೆ ಹರಡಿ ಒಣಗಿಸುವುದನ್ನು ನೋಡಿದೆ. ಅದರಲ್ಲಿ ಬಹಳಷ್ಟು ಹೋಗುವುದು ಭಾರತಕ್ಕೆ, ಉತ್ತುತ್ತೆಯಾಗಿ. ನನ್ನ ಬಾಣಂತನದಲ್ಲಿ ಅಮ್ಮ ನೆನೆಹಾಕಿ ಕೊಡುತ್ತಿದ್ದದ್ದು ಅದೇ ಹಣ್ಣು. ಇನ್ನೂರು ವರ್ಷಕ್ಕೂ ಹಿಂದೆ, ಹೈದರ್ ಟಿಪ್ಪು ಕಾಲದಲ್ಲಿ, ಮಂಗಳೂರಿನ ಅಕ್ಕಿ ಹಡಗು ತುಂಬಿ ಮಸ್ಕತ್‌ಗೆ ಬರುತ್ತಿತ್ತು; ಟಿಪ್ಪು ಅಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಮಸ್ಕತ್‌ನ ಮತ್ರಾದ ಕಡಲ ದಂಡೆಯಲ್ಲಿ ಸಂಜೆ ಕೂತಾಗ ಈ ಸಂಗತಿ ನನಗೆ ದೊಡ್ಡ ಧೈರ್ಯವಾಗಿತ್ತು. ನಮಗಿಂತ ಮುಂಚೆ ನಮ್ಮವರ ಅನ್ನ ಅಲ್ಲಿ ಇಳಿದಿತ್ತು.

2007ರ ಜೂನ್ 5ರಂದು ಗೋನು ಚಂಡಮಾರುತ ಬಂತು. ಅರಬ್ಬೀ ಸಮುದ್ರದಲ್ಲಿ ಅಲ್ಲಿಯ ತನಕ ದಾಖಲಾಗಿದ್ದ ಚಂಡಮಾರುತಗಳಲ್ಲೇ ಅತಿ ಬಲವಾದದ್ದು. ಕಾರ್ಕಳದ ಸಿಸ್ಟರ್ ಡ್ಯೂಟಿಗೆ ಹೊರಡುವ ಮುಂಚೆ ಎಲ್ಲರ ಬಾಗಿಲು ಬಡಿದು, “ಇದ್ದಬದ್ದ ಪಾತ್ರೆಯಲ್ಲೆಲ್ಲ ನೀರು ತುಂಬಿಸಿ, ಬಾತ್‌ಟಬ್ಬನ್ನೂ ಬಿಡಬೇಡಿ” ಎಂದರು. ರಾತ್ರಿ ಗಾಳಿ ಶುರುವಾಯಿತು. ಅದು ಊಳಿಡುವ ಗಾಳಿಯಲ್ಲ, ಒಂದೇ ಸಮ ಗೋಡೆಯನ್ನು ನೂಕುವ ಗಾಳಿ; ಕಿಟಕಿಯ ಅಲ್ಯುಮಿನಿಯಂ ಚೌಕಟ್ಟು ಉಸಿರಾಡುವಂತೆ ಒಳಗೆ ಹೊರಗೆ ಸರಿಯುತ್ತಿತ್ತು. ಮರುದಿನ ಮಳೆ. ಬೋಳು ಬೆಟ್ಟಗಳಿಗೆ ನೀರು ಹಿಡಿದಿಟ್ಟುಕೊಳ್ಳಲು ಮಣ್ಣಿಲ್ಲ, ಬಿದ್ದದ್ದೆಲ್ಲ ಅದೇ ಗಳಿಗೆಯಲ್ಲಿ ವಾದಿಗಳೆಂಬ ಒಣಹೊಳೆಗಳಿಗೆ ಇಳಿಯುತ್ತದೆ. ವರ್ಷವಿಡೀ ಒಣಗಿ ಕಲ್ಲಿನ ಹಾಸಾಗಿದ್ದ ವಾದಿಗಳು ಕಂದು ಹೊಳೆಗಳಾಗಿ ಊರಿನೊಳಗೆ ಹೊಕ್ಕವು. ನೆಲ ಅಂತಸ್ತಿಗೆ ನೀರು ಬರುವಾಗ ಕುಂದಾಪುರದ ಹುಡುಗರು ಪಾಸ್‌ಪೋರ್ಟಿನ ಚೀಲವನ್ನು ತಲೆಯ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬಂದರು. ಅವರೊಡನೆ ಉಳಿದವರೂ. ನಮ್ಮ ಹಾಲ್‌ನಲ್ಲಿ ಹನ್ನೊಂದು ಗಂಡಸರು, ಅಕ್ಕನ ಮನೆಯಲ್ಲಿ ಇನ್ನಷ್ಟು. ಅದೇ ಬಿಲ್ಡಿಂಗ್‌ನಲ್ಲಿ ಅಷ್ಟು ವರ್ಷವಿದ್ದೂ ಅವರಲ್ಲಿ ಹೆಚ್ಚಿನವರು ಮೇಲಿನ ಮನೆಗಳ ಒಳಗೆ ಕಾಲಿಟ್ಟದ್ದು ಅಂದೇ ಮೊದಲು.

ಕರೆಂಟ್ ಹೋಯಿತು, ಆಮೇಲೆ ನಲ್ಲಿ ಬತ್ತಿತು. ಘುಬ್ರಾ ಮತ್ತು ಬರ್ಕಾದ ಸ್ಥಾವರಗಳು ನಿಂತಿದ್ದವು. ಎಲ್ಲಿ ನೋಡಿದರೂ ನೀರು, ಬಾಯಿಗೆ ಹಾಕಲು ಇಲ್ಲ. ತುಂಬಿಟ್ಟದ್ದು ಅಷ್ಟು ಜನಕ್ಕೆ ಎಷ್ಟು ಹೊತ್ತು ಬಂದೀತು? ಸಂಜೆ ಗಾಳಿ ತಗ್ಗಿ ಮಳೆ ಉಳಿದಾಗ ನನಗೆ ನಮ್ಮೂರಿನ ಆಟಿ ತಿಂಗಳಲ್ಲಿ ಬಟ್ಟೆ ಕಟ್ಟಿ ಮಳೆನೀರು ಹಿಡಿಯುತ್ತಿದ್ದದ್ದು ನೆನಪಾಯಿತು. ಕುಂದಾಪುರದವರಿಗೆ ಹೇಳಿದೊಡನೆ ಅರ್ಥವಾಯಿತು. ಇವರ ಎರಡು ಬಿಳಿ ಪಂಚೆ ಹಿಡಿದು ತಾರಸಿಗೆ ಹೋದೆವು. ಡಿಶ್ ಆಂಟೆನಾದ ಕಂಬಗಳಿಗೆ ಪಂಚೆಯ ನಾಲ್ಕು ಮೂಲೆ ಬಿಗಿದು, ನಡುವೆ ನನ್ನ ಅರೆಯುವ ಗುಂಡುಕಲ್ಲು ಇಟ್ಟು, ಅದರಡಿಗೆ ಕೊಡಪಾನ ಇಟ್ಟೆವು. ಮೊದಲ ಕೊಡದ ನೀರು ಬಟ್ಟೆಯ ವಾಸನೆ ಹೊಡೆಯುತ್ತಿತ್ತು, ಚೆಲ್ಲಿದೆವು. ಎರಡನೆಯದರಿಂದ ಶುದ್ಧ ನೀರು ಬಂತು. ಕಾಕಾ ಕತ್ತಲಲ್ಲೇ ಅಂಗಡಿಯ ಶಟರ್ ಅರ್ಧ ಎತ್ತಿ, ನೀರು ಮುಟ್ಟದ ಮೇಲಿನ ಕಪಾಟಿನ ಅಕ್ಕಿ ಬೇಳೆಯನ್ನೆಲ್ಲ ಮೇಲೆ ಕಳಿಸಿದರು, ಲೆಕ್ಕ ಬರೆಯಲಿಲ್ಲ. ಭಟ್ಕಳದ ಅಕ್ಕ ದೊಡ್ಡ ಅಡುಗೆ ಮಾಡುವ ಪಾತ್ರೆ ಹುಡುಕಿದರು, ಇರಲಿಲ್ಲ. ಅವರ ಮಂಚದಡಿಯಿಂದ ಊರಿಗೆಂದು ಕಟ್ಟಿಟ್ಟ ಹೊಸ ಹಂಡೆ ಆ ರಾತ್ರಿ ಹೊರಗೆ ಬಂತು, ಅದರಲ್ಲೇ ಗಂಜಿ ಬೆಂದಿತು.

ಮಳೆ ನಿಂತ ಮೇಲೂ ಹಲವು ದಿನ ನಲ್ಲಿ ಬರಲಿಲ್ಲ. ನೀಲಿ ಟ್ಯಾಂಕರ್ ಬಂದಾಗ ಒಮಾನಿಗಳು, ಪಾಕಿಸ್ತಾನದವರು, ಫಿಲಿಪೀನ್ಸಿನವರು, ನಾವು, ಎಲ್ಲರದೂ ಒಂದೇ ಸಾಲು. ಒಬ್ಬ ಒಮಾನಿ ಯುವಕ ಸಾಲಿನ ತಲೆಯಲ್ಲಿ ನಿಂತು ಮನೆಗೆ ಇಷ್ಟು ಕ್ಯಾನ್ ಎಂದು ಲೆಕ್ಕ ಹಿಡಿದ. ಮಕ್ಕಳಿದ್ದವರಿಗೆ ಒಂದು ಹೆಚ್ಚು, ಕೂಲಿಯವರ ಕೋಣೆಗೆ ತಲೆಯೆಣಿಸಿ. ಯಾರೂ ತಕರಾರು ಮಾಡಲಿಲ್ಲ. ಅವನು ಯಾವ ಊರಿನವನೆಂದು ನಾನು ಕೇಳಲಿಲ್ಲ. ಆದರೆ ಫಲಜ್ ಇರುವ ಊರಲ್ಲಿ ಬೆಳೆದವನಿರಬೇಕು ಅನಿಸಿತು. ಗೋನುವಿನಲ್ಲಿ ಒಮಾನಿನಲ್ಲಿ ಸುಮಾರು 50 ಜನ ತೀರಿಕೊಂಡರು. ಖುರುಮ್‌ನ ಅಂಗಡಿ ಬೀದಿಗಳಲ್ಲಿ ಕಾರುಗಳು ಒಂದರ ಮೇಲೊಂದು ಏರಿ ಬಿದ್ದಿದ್ದವು. ಅದಾದ ಮೇಲೆ ನಮ್ಮ ಬಿಲ್ಡಿಂಗ್‌ನಲ್ಲಿ ಈದ್ ಇರಲಿ, ಚೌತಿ ಇರಲಿ, ಕ್ರಿಸ್ಮಸ್ ಇರಲಿ, ನೆಲ ಅಂತಸ್ತಿನವರನ್ನು ಬಿಟ್ಟು ಊಟವೇ ನಡೆಯಲಿಲ್ಲ. ಅಕ್ಕನ ಹಂಡೆಯೂ ಮತ್ತೆ ಕಾರ್ಟನ್ ಸೇರಲಿಲ್ಲ.

ಒಮಾನಿನ ಸಲಾಲಾ ಊರಿನ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಎರಡೇ ಮಾತು ಹೇಳುತ್ತೇನೆ. ಮಸ್ಕತ್‌ನಿಂದ ಸಾವಿರ ಕಿಲೋಮೀಟರ್ ಮರಳುಗಾಡಿನ ದಾರಿ. ತುಮ್ರೈತ್ ದಾಟಿ ಘಟ್ಟ ಇಳಿಯುವಾಗ ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮದೇ ಮುಂಗಾರಿನ ಸೆರಗು ಅಲ್ಲಿನ ಬೆಟ್ಟಗಳಿಗೆ ತಾಗಿ ಮಂಜು ಕವಿದಿರುತ್ತದೆ. ಒಮಾನಿಗಳು ಸಂಸಾರ ಸಮೇತ ಬಂದು ಆ ತುಂತುರಿನಲ್ಲಿ ಚಾಪೆ ಹಾಸಿ ಕೂರುತ್ತಾರೆ, ಕೊಡೆ ಹಿಡಿಯುವುದಿಲ್ಲ. ರಸ್ತೆ ಬದಿಯಲ್ಲಿ ಬೊಂಡ, ಬಾಳೆಹಣ್ಣು, ಪಪ್ಪಾಯಿ. ನಾನು ಕೂಡ ನೆನೆದೆ, ಮಗಳನ್ನೂ ನೆನೆಯಲು ಬಿಟ್ಟೆ.

2016ರಲ್ಲಿ ಎಣ್ಣೆಯ ಬೆಲೆ ಬಿದ್ದು ಕಂಪನಿಗಳು ಜನ ಕಡಿಮೆ ಮಾಡತೊಡಗಿದಾಗ ಇವರ ವೀಸಾವೂ ನವೀಕರಣವಾಗಲಿಲ್ಲ. ಮಗಳ ಪಿಯುಸಿ ಅಷ್ಟರಲ್ಲಿ ಮುಗಿದಿತ್ತು. ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿದೆವು. ಗ್ರೈಂಡರ್ ಸಿಸ್ಟರ್‌ಗೆ, ಮಂಚ ಕಾಕಾನಿಗೆ, ಬಸಳೆ ಮೊದಲೇ ಅಕ್ಕನದಾಗಿತ್ತು. ಬೇಸರವಾಯಿತು, ಅಳುವೂ ಬಂತು. ಆದರೆ ಬದುಕದೆ ಬಿಟ್ಟದ್ದು ಏನೋ ಅಲ್ಲಿ ಉಳಿದುಹೋಯಿತೆಂಬ ಸಂಕಟ ಇರಲಿಲ್ಲ.

ಊರಿಗೆ ಬಂದಾಗ ಅಪ್ಪ ಇರಲಿಲ್ಲ, ತೋಟ ತಮ್ಮನ ಕೈಯಲ್ಲಿತ್ತು, ಸುರಂಗದಲ್ಲಿ ನೀರು ಬೆರಳಿನಷ್ಟಾಗಿತ್ತು. ಒಳಗೆ ಮಣ್ಣು ಜರಿದಿತ್ತು, ಬಾವಲಿಗಳು ಸೇರಿದ್ದವು. ಗುಡ್ಡದ ಮೇಲಿನ ಮನೆಯವರು ಬೋರ್‌ವೆಲ್ ತೆಗೆಸಿದ ಮೇಲೆ ಮಾರ್ಚ್ ತಿಂಗಳಿಗೇ ಅದು ನಿಲ್ಲುತ್ತಿತ್ತು. ಒಮಾನಿನಲ್ಲಿ ಫಲಜ್‌ನ ತಾಯಿಬಾವಿಯ ಸುತ್ತ ಹೊಸ ಬಾವಿ ತೋಡಲು ಸರಕಾರದ ಕಟ್ಟುನಿಟ್ಟಿದೆ. ನಮ್ಮ ಸುರಂಗಗಳಿಗೆ ಅಂಥ ಕಾವಲು ನಾನು ಕಾಣೆ. ನಮ್ಮ ನೆರೆಯ ಅಮೈ ಮಹಾಲಿಂಗ ನಾಯ್ಕರು ತೋಡಿದ ಸುರಂಗಗಳಲ್ಲಿ ಹಲವು ಬರಿದಾದರೂ ಬಿಡದೆ, ಒಬ್ಬರೇ ಅಗೆದು ನೀರು ತಂದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಊರೆಲ್ಲ ಸಂಭ್ರಮಿಸಿತು, ನಾನೂ ಸಂಭ್ರಮಿಸಿದೆ. ಅದೇ ವರ್ಷ ನಮ್ಮ ಗುಡ್ಡದಲ್ಲಿ ಇನ್ನೆರಡು ಬೋರ್ ಬಿದ್ದವು.

ಮಸ್ಕತ್‌ನ ಕಂಪನಿ ಇವರಿಗೆ ಕೊಟ್ಟ ಗ್ರಾಟ್ಯುಟಿ ಹಣದಲ್ಲಿ ಒಂದು ಪಾಲು ಹಾಕಿ ನಮ್ಮ ಸುರಂಗದಲ್ಲಿ ಜರಿದ ಮಣ್ಣು ತೆಗೆಸಿದೆ. ಕಸುಬು ಬಲ್ಲವರು ಸಿಗುವುದೇ ಕಷ್ಟ. ಬಂದ ಇಬ್ಬರಲ್ಲಿ ಕಿರಿಯವನಿಗೆ ಐವತ್ತೆಂಟು. ಈಗ ಏಪ್ರಿಲ್ ತನಕ ನೀರು ಬರುತ್ತದೆ, ಮನೆ ಖರ್ಚಿಗೂ ತರಕಾರಿಗೂ ಸಾಕು. ತೋಟಕ್ಕೆ ಸಾಲದು ಎಂಬುದು ತಮ್ಮನ ವಾದ, ಅದೂ ಸುಳ್ಳಲ್ಲ. ಅಪ್ಪನ ಕಾಲಕ್ಕಿಂತ ಎರಡು ಪಟ್ಟು ಅಡಿಕೆ ಇದೆ. “ಅಕ್ಕ, ನೀನು ಮರುಭೂಮಿಯಲ್ಲಿದ್ದು ಬಂದವಳು, ನಿನಗೆ ನೀರೆಂದರೆ ಭಯ. ಇನ್ನೊಂದು ಬೋರ್ ತೆಗೆಸೋಣ” ಎನ್ನುತ್ತಾನೆ. ನನ್ನ ಹಟ ಬೇರೆ. ಇರುವ ಬೋರ್‌ವೆಲ್ಲುಗಳಲ್ಲೇ ಗುಡ್ಡದ ನಾಲ್ಕು ಮನೆಯವರೂ ವಾರ ಹಾಕಿಕೊಂಡು ನೀರು ಬಿಡಬೇಕು, ಹೊಸದು ಯಾರೂ ಕೊರೆಯಬಾರದು. ಮೇಲಿನ ಮನೆಯ ಮಾವನನ್ನು ಕಂಡು ಕೇಳಿದೆ. ಅವರ ಪಂಪೂ ಕಳೆದ ಬೇಸಿಗೆಯಲ್ಲಿ ಗಾಳಿ ಎಳೆದಿತ್ತು, ಹಾಗಾಗಿ ಮಾತಿಗೆ ಕೂರಲು ಒಪ್ಪಿದ್ದಾರೆ. ಪಕ್ಕದ ಇಬ್ಬರು ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ. ತಮ್ಮ ಇನ್ನೂ ಒಪ್ಪಿಲ್ಲ.